ಸತ್ತ ಕಡೆಯ ಲೆಕ್ಕ

ಆರೋಗ್ಯ ಇಲಾಖೆಯ ನಿರ್ದೇಶಕರ ಕನ್ನಡಕದ ಮೇಲೆ ಟೀ ಹಬೆ ಕೂತಿತು, ಎರಡು ಬಿಳಿ ಬಿಲ್ಲೆ, ಕಣ್ಣಿಲ್ಲದ ಮುಖವೊಂದು ನಗುತ್ತಿದೆ, ಆಮೇಲೆ ಹಬೆ ಅಂಚಿನಿಂದ ಒಳಕ್ಕೆ ಮೆಲ್ಲಗೆ ಕರಗಿ ಕಣ್ಣು ಬಂತು — ಅವಳು ತಟ್ಟನೆ ಬೇರೆ ಕಡೆ ನೋಡಿದಳು, ಪರದೆಯ ಕಡೆ, ಅಲ್ಲಿ ಅವಳದೇ ಕೈಯಲ್ಲಾದ ಎರಡು ಕಂಬಗಳು, ಕುಳ್ಳಗಿರುವುದು ಹೊಳೆಯ ಈಚೆಯ ನಮ್ಮ ಪ್ರಾಂತ್ಯದ್ದು, ಉದ್ದದ್ದು ಆಚೆಯದು, ಲಕ್ಷ ಜನರಲ್ಲಿ ಎಷ್ಟು ಮಂದಿ ಸತ್ತರು ಅನ್ನುವ ಲೆಕ್ಕ, ಒಂದೇ ಪಿಡುಗು, ಒಂದೇ ಗಾಳಿ, ನಡುವೆ ಒಂದು ಸೇತುವೆ, ಆದರೂ ಆಚೆಯ ಕಂಬ ಈಚೆಯದರ ಮೂರರಷ್ಟು. ಜೀವನದಲ್ಲಿ ಮೊದಲನೇ ಸಲ ಕುಳ್ಳಗಿರೋದಕ್ಕೆ ಹೆಮ್ಮೆ ಆಗ್ತಿದೆ ನೋಡಿ, ಅಂದರು ನಿರ್ದೇಶಕರು, ಅವರೂ ಕುಳ್ಳರೇ, ಸಭೆ ನಕ್ಕಿತು, ಅವಳೂ ನಕ್ಕಳು, ನಗಬೇಕಾದಷ್ಟೇ. ಎಲ್ಲ ನಮ್ಮ ಲೆಕ್ಕದಮ್ಮನ ಕೆಲಸ, ಕೂದಲು ಸೀಳಿ ಎಣಿಸ್ತಾರೆ. ಲೆಕ್ಕದಮ್ಮ, ಹೌದು, ಕಚೇರಿಯಲ್ಲಿ ಹಾಗೇ ಕರೆಯುವುದು, ತಮ್ಮ ಕೂಡ ಕೇಳಿ ನಕ್ಕಿದ್ದ, ಆಗ ಅವನು ನಗುತ್ತಿದ್ದ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಆಚೆಯ ದೊಡ್ಡಾಸ್ಪತ್ರೆಯ ಮುಖ್ಯ ಡಾಕ್ಟರು ನಗದೆ ಕೂತಿದ್ದಾರೆ, ಅವರ ಟೀ ಆರಿ ಕೆನೆ ಕಟ್ಟಿದೆ, ಇವತ್ತು ಅವರ ತಲೆಯ ಮೇಲೆ ಗೂಬೆ ಕೂರಿಸುವುದಕ್ಕೇ ರಾಜಧಾನಿಯಿಂದ ಸಮಿತಿ ಬಂದಿರುವುದು, ಉದ್ದದ ಕಂಬ ಅವರದೇ ತಪ್ಪು ಅಂತಾದರೆ ಅವರಿಗೆ ಕೆಲಸ ಇಲ್ಲ, ಅದು ಎಲ್ಲರಿಗೂ ಗೊತ್ತು, ಅವರಿಗೂ ಗೊತ್ತು, ಅಂಗಿ ಮಾತ್ರ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಾರೆ. ಅವರು ಆಗಲೇ ಹೇಳಿಯಾಯಿತು, ಸತ್ತವರಲ್ಲಿ ಮುಕ್ಕಾಲು ಪಾಲು ಈಚೆಯವರು, ಉಸಿರು ಕಟ್ಟಿದ ಮೇಲೆ ಗಾಡಿಯಲ್ಲಿ ತುಂಬಿ ನಮ್ಮ ಕಡೆಗೆ ಕಳಿಸಿದರು ಅಂತ, ನಿರ್ದೇಶಕರು ತಟ್ಟೆಯಲ್ಲಿ ಬಿಸ್ಕತ್ತು ಹುಡುಕುತ್ತ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದುಬಿಟ್ಟರು, ಮತ್ತೆ ನಗು. ಅವಳ ತೋರುಬೆರಳು ಗುಂಡಿಯ ಮೇಲಿದೆ. ಒಂದು ಸಲ ಒತ್ತಿದರೆ ಮುಂದಿನ ಚಿತ್ರ, ಹೋದ ವಾರ ಬಾಗಿಲು ಹಾಕಿಕೊಂಡು ಮಾಡಿದ್ದು, ಅವೇ ಸಾವುಗಳು, ಆದರೆ ಸತ್ತ ಕಡೆಗಲ್ಲ, ಬದುಕಿದ್ದ ಮನೆಗಳಿಗೆ ವಾಪಸು ಹಚ್ಚಿದ್ದು, ಅದರಲ್ಲಿ ಈಚೆಯ ಕಂಬ ಉದ್ದ, ಆಚೆಯದು ಗಿಡ್ಡ, ಅದನ್ನು ಯಾಕೆ ಮಾಡಿದಳೋ, ಅಳಿಸಲೂ ಇಲ್ಲ, ತೋರಿಸಲೂ ಇಲ್ಲ, ಬಾಯಲ್ಲಿಟ್ಟ ಬಿಸಿ ತುತ್ತು, ಉಗುಳಲೂ ಆಗದು ನುಂಗಲೂ ಆಗದು. ನಿನ್ನೆ ರಾತ್ರಿ ಫೋನಿನಲ್ಲಿ ತಮ್ಮ, ಅವನದು ಆಚೆ ಟೈರ್ ಅಂಗಡಿ, ಟೀವೀಲಿ ನಮ್ಮ ಕಡೆಯವರನ್ನ ಕೊಳಕರು ಅಂತಿದ್ದಾರೆ ಅಕ್ಕ, ಅಮ್ಮನ್ನಾದ್ರೂ ನಿಮ್ಮ ಕಡೆಯ ಲೆಕ್ಕಕ್ಕೆ ತಗೋ, ಒಬ್ಬಳನ್ನಾದ್ರೂ. ಅದು ಹಾಗೆಲ್ಲ ಆಗಲ್ಲ ಕಣೋ, ವಿಧಾನ ಅಂತ ಒಂದಿರುತ್ತೆ. ವಿಧಾನಾನಾ, ಗಾಡಿ ಹತ್ತಿಸಿದ್ಯಲ್ಲ, ಅದು ಯಾವ ವಿಧಾನ, ಸಾಯೋಕೂ ನಿಮ್ಮ ಕಡೆ ಜಾಗ ಇರಲಿಲ್ವಾ? ಹಿಂದಿನಿಂದ ಗಾಳಿ ತುಂಬುವ ಯಂತ್ರದ ಸದ್ದು, ಅವನು ಅಳುತ್ತಿದ್ದನೋ ಯಂತ್ರವೋ.

ಜಾಗ ಇತ್ತು. ಜಾಗ ಇತ್ತು ಅನ್ನುವುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು, ಖಾಲಿ ಹಾಸಿಗೆಗಳ ಸಂಖ್ಯೆ ದಿನಾ ಅವಳ ಮೇಜಿಗೇ ಬರುತ್ತಿತ್ತು, ಎಪ್ಪತ್ತು ದಾಟಿ ಉಸಿರು ಕಟ್ಟಿದವರೆಲ್ಲ ಆಚೆಗೆ ಅನ್ನುವ ಆದೇಶ ಹೊರಟಾಗ ಆಚೆ ಹಾಸಿಗೆ ನಿಜಕ್ಕೂ ಧಾರಾಳ, ಆಮೇಲೆ ತುಂಬಿದವು, ಆಮೇಲೆ ನೆಲ ತುಂಬಿತು, ಗಾಡಿಗಳು ನಿಲ್ಲಲಿಲ್ಲ, ನಮ್ಮ ಕಂಬ ಕುಳ್ಳಗಾಗುತ್ತಿತ್ತಲ್ಲ, ಯಾರು ನಿಲ್ಲಿಸುತ್ತಾರೆ, ಮನೆಯ ಕಸ ಪಕ್ಕದವರ ಬಾಗಿಲಿಗೆ ಗುಡಿಸಿದರೆ ನಮ್ಮಂಗಳ ಕನ್ನಡಿ. ಅಮ್ಮನ ಸರದಿ ಬಂದ ದಿನ ಆಚೆಯ ಖಾಲಿ ಹಾಸಿಗೆ ಸೊನ್ನೆ, ಊಟಕ್ಕೆ ಏಳುವ ಮೊದಲೇ ನೋಡಿದ್ದಳು, ಈಚೆ ಸಿಬ್ಬಂದಿಯ ಮನೆಯವರಿಗೆ ಅಂತ ಇಟ್ಟ ಕೋಣೆಯಲ್ಲಿ ಹಾಸಿಗೆ ಇತ್ತು, ಕಿಟಕಿ ಪಕ್ಕದ್ದು, ಕೇಳಿದ್ದರೆ ಕೊಡುತ್ತಿದ್ದರು. ಅಲ್ಲಿಗೆ ಯಾಕೇ, ಅಲ್ಲಿ ನಂಗೆ ಯಾರು ಗೊತ್ತು? ಅಲ್ಲಿ ಬೆಡ್ ಜಾಸ್ತಿ ಅಮ್ಮ, ತಮ್ಮನೂ ಇದ್ದಾನೆ. ಅವನನ್ನ ಒಳಗೆ ಬಿಡ್ತಾರಾ? ಬಿಡ್ತಾರೆ. ಬಿಡಲಿಲ್ಲ. ಗೊತ್ತಿತ್ತೇ? ಗೊತ್ತಿತ್ತು. ಈ ತಿಂಗಳ ಅಂಕಿ ಇಷ್ಟು ಚೆನ್ನಾಗಿ ಬಂದಿದೆ, ಅಮ್ಮ ಇಲ್ಲೇ ಹೋದರೆ ಇಲ್ಲಿಯ ಲೆಕ್ಕಕ್ಕೇ ಬೀಳುತ್ತದೆ, ಆ ಯೋಚನೆ ಬಂದಿತ್ತೇ — ಬಂದಿತ್ತು, ನೊಣದ ಹಾಗೆ ಬಂದು ಕೂತಿತ್ತು, ಅವಳು ಓಡಿಸಲಿಲ್ಲ. ಅದೂ ಅಲ್ಲ, ಮೂರು ತಿಂಗಳು ಅಮ್ಮನ ಬೆಡ್‌ಪ್ಯಾನ್ ತೊಳೆದ ಕೈ, ಒಂದು ರಾತ್ರಿ ನಿದ್ದೆ ಬಂದರೆ ಸಾಕು ಅನ್ನುವ ಮೈ, ಗಾಡಿ ಹೊರಟರೆ ಮಲಗಬಹುದು, ಅದೂ ಬಂದಿತ್ತು. ಗಾಡಿಯಲ್ಲಿ ನಾಲ್ಕು ಜನ ಮುದುಕರು, ಕೂರಬಲ್ಲವರನ್ನು ಕೂರಿಸಿದ್ದರು, ಅಮ್ಮ ಹಿಂಬಾಗಿಲ ಗಾಜಿಗೆ ಒರಗಿದ್ದಳು, ಮಾಸ್ಕು ಗದ್ದಕ್ಕೆ ಜಾರಿಸಿ ಏನೋ ಹೇಳಿದಳು, ಗಾಜಿನ ಮೇಲೆ ಬಿಲ್ಲೆಯಗಲ ಉಸಿರು ಕೂತು ಬಾಯಿ ಮುಚ್ಚಿಹೋಯಿತು, ಕೇಳಿಸಲಿಲ್ಲ, ಅಂಚಿನಿಂದ ಒಳಕ್ಕೆ ಕರಗಿ — ಬೇಡ. ಪರದೆ ನೋಡು. ಮಾರನೇ ದಿನ ಇದೇ ಡಾಕ್ಟರು ಫೋನು ಮಾಡಿದ್ದರು, ನಿಮ್ಮ ತಾಯಿಯವರು ನೆಲದ ಮೇಲಿದ್ದಾರಮ್ಮ, ನನ್ನ ಕೋಣೆಯ ಹಾಸಿಗೆ ತಂದು ಹಾಕಿಸಿದ್ದೀನಿ, ನಿಮ್ಮನ್ನ ಕೇಳ್ತಿದ್ದಾರೆ, ಫೋನು ಕಿವಿಗೆ ಹಿಡೀಲಾ? ಥ್ಯಾಂಕ್ಸ್ ಡಾಕ್ಟ್ರೇ, ಮೀಟಿಂಗಲ್ಲಿದ್ದೀನಿ. ಮೀಟಿಂಗು ಇರಲಿಲ್ಲ, ಹಾಸಿಗೆಯಲ್ಲಿದ್ದಳು, ಕೊನೆಗೂ ನಿದ್ದೆ ಹತ್ತಿತ್ತು. ಈಗ ಇದೆ ಮೀಟಿಂಗು. ಈಗ ಸಮಿತಿಯ ಹೆಂಗಸು ಪೆನ್ನಿನ ತುದಿ ಅವಳ ಕಡೆ ತಿರುಗಿಸಿ, ಒಂದು ವಿಷಯ ಹೇಳಿ ಮೇಡಂ, ಈ ಸಾವುಗಳನ್ನ ಸತ್ತ ಕಡೆಗೆ ಹಿಡಿದಿದ್ದೀರೋ, ಅವರ ಮನೆ ಇದ್ದ ಕಡೆಗೋ, ಬದಲಾಯಿಸಿದರೆ ವ್ಯತ್ಯಾಸ ಆಗುತ್ತಾ? ನಿರ್ದೇಶಕರು ಬಿಸ್ಕತ್ತನ್ನು ಬಾಯ ಹತ್ತಿರ ಹಿಡಿದು ಕೂತಿದ್ದಾರೆ, ಡಾಕ್ಟರು ಅವಳನ್ನೇ ನೋಡುತ್ತಿದ್ದಾರೆ, ಬೇಡುವ ನೋಟವಲ್ಲ, ನಾಡಿ ಹಿಡಿದು ಕಾಯುವವರ ನೋಟ. ಒತ್ತಿಬಿಡು. ಒತ್ತಿದರೆ ಅಮ್ಮ ಈಚೆ ಬರುತ್ತಾಳೆ, ಬಂದು ಬಾಗಿಲಲ್ಲಿ ನಿಂತು ಕೇಳುತ್ತಾಳೆ, ಯಾಕೇ ಕಳಿಸಿದೆ? ಸತ್ತ ಕಡೆಗೆ, ಅಂದಿತು ಅವಳದೇ ದನಿ, ಸಭೆಗೆ ಒಗ್ಗಿದ ದನಿ, ಎಲ್ಲ ಪ್ರಾಂತ್ಯಗಳಲ್ಲೂ ಹಾಗೇ, ಬದಲಾಯಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬಿಸ್ಕತ್ತು ಮುರಿದ ಸದ್ದು. ಡಾಕ್ಟ್ರೇ, ನೀವೇನಾದರೂ ಹೇಳೋದಿದೆಯಾ? ಅವರು ಎದ್ದರು, ಹೇಳಿಬಿಡುತ್ತಾರೆ, ಇವಳು ತನ್ನ ತಾಯಿಯನ್ನೇ ಕಳಿಸಿದ್ದಳು ಅಂತ ಈಗ ಹೇಳಿಬಿಡುತ್ತಾರೆ, ಹೇಳಲಿ, ಹೇಳಿಬಿಡಲಿ — ನನ್ನ ಹತ್ತಿರ ಸತ್ತವರು ನನ್ನವರೇ ಮೇಡಂ, ಬರೆದುಕೊಳ್ಳಿ, ಅಂದರು, ಕೂತರು. ಹಾಗಿದ್ದರೆ ಒಪ್ಪಿದ ಹಾಗಾಯಿತು, ಅಂದಳು ಸಮಿತಿಯ ಹೆಂಗಸು, ಪೆನ್ನು ಓಡುತ್ತಿದೆ, ನಿರ್ದೇಶಕರು ಅವಳ ಕಡೆ ಬಿಸಿ ಟೀ ನೂಕಿದರು, ಕುಡೀರಿ ಲೆಕ್ಕದಮ್ಮ, ಗೆದ್ದೆವು, ಕಪ್ಪಿನ ಹಬೆ ಎದ್ದು ಎದುರಿನ ನೀರಿನ ಲೋಟಕ್ಕೆ ತಾಗಿ ಗಾಜಿನ ಮೇಲೆ ಬಿಲ್ಲೆಯಗಲ ಬೆಳ್ಳಗೆ, ಅಂಚಿನಿಂದ ಒಳಕ್ಕೆ, ಒಳಕ್ಕೆ, ಹಿಂದೆ ಒಂದು ಬಾಯಿ ಇದೆ, ಏನೋ ಹೇಳುತ್ತಿದೆ, ಗಾಡಿ ಇನ್ನೂ ಹೊರಟಿಲ್ಲ, ಇನ್ನೊಂದು ಉಸಿರು ಬರಬೇಕು, ಬರಬೇಕಿತ್ತು, ಗಾಜು, ಬರಿ ಗಾಜು