ಇಳಿದ ಅಂಕಿ

ಜಿಮ್ಮಿನ ಹದಿನೇಳನೆಯ ಟವೆಲ್ ಹಿಂಡುವಾಗ ಎಡಗೈ ಮಣಿಕಟ್ಟಿನ ಪಟ್ಟಿ ಎರಡು ಸಲ ಗುಂಯ್‌ಗುಟ್ಟಿತು. ಅಳೆಯುವ ಹೊತ್ತು. ಅವಳು ಸೋಪಿನ ಕೈ ಒರೆಸಿಕೊಂಡು, ಪಟ್ಟಿಯ ಮೇಲೆ ಬಲಗೈಯ ಎರಡು ಬೆರಳಿಟ್ಟು ಅಲುಗಾಡದೆ ನಿಂತಳು. ಗೊತ್ತೇ ಆಗದಷ್ಟು ಸಣ್ಣ ಕರೆಂಟು ಮೈಯಲ್ಲಿ ಹಾದು, ಕೊಬ್ಬೆಷ್ಟು, ಎದೆಬಡಿತವೆಷ್ಟು ಎಂದು ಗಂಡನ ಫೋನಿಗೆ ವರದಿ ಒಪ್ಪಿಸಿತು. ತೋಳಿಗೆ ಅಂಟಿಸಿದ ಬಿಲ್ಲೆ ರಕ್ತದ ಸಕ್ಕರೆಯನ್ನು ಹೇಳುತ್ತಿತ್ತು. ಆ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದವಳು ಅವಳೊಬ್ಬಳೇ.

ಗಂಡ ಜಿಮ್ ನಡೆಸುತ್ತಿದ್ದ, ಎಲ್ಲರಿಗೂ ಮಾಸ್ಟರ್. ಜಿಮ್ಮಿನ ಬಾಗಿಲಲ್ಲಿ ಅವಳ ಹಿಂದಿನ ದಪ್ಪ ಫೋಟೋ, ಪಕ್ಕದಲ್ಲಿ ಈಗಿನದು, ಕೆಳಗೆ ಆವತ್ತಾವತ್ತಿನ ಕೊಬ್ಬಿನ ಅಂಕಿ. "ಮಾಸ್ಟರ್, ಮನೆಯವ್ರು ಗಾಳಿಗೆ ಹಾರ್ಹೋಗ್ತಾರೆ, ಕಾಲಿಗೆ ಕಲ್ಲು ಕಟ್ಟಿ" ಎಂದು ಗಿರಾಕಿಗಳು ನಗಾಡುತ್ತಿದ್ದರು.

"ಕೊಬ್ಬು ಇಪ್ಪತ್ತೇಳು ಪರ್ಸೆಂಟ್!" ಒಳಗಿನಿಂದ ಕೂಗು ಬಂತು. "ಮೊನ್ನೆ ಇಪ್ಪತ್ತೈದಿತ್ತು. ಏನೇ ನುಂಗ್ದೆ?"

"ಏನಿಲ್ಲ ರೀ. ಪುಟ್ಟಿ ತಟ್ಟೇಲಿ ಬಿಟ್ಟಿದ್ದು, ಎರಡೇ ತುತ್ತು."

"ಎರಡು ತುತ್ತಿಗೆ ಸಕ್ಕರೆ ಹಿಂಗೆ ಗುಡ್ಡ ಹತ್ತುತ್ತಾ?"

ಸ್ಕಿಪ್ಪಿಂಗ್ ಹಗ್ಗವನ್ನು ಮಡಚಿ ಹಿಡಿದೇ ಬಂದಿದ್ದ. ಮೊದಲನೇ ಏಟಿಗೆ ಅವಳು ಬಕೆಟ್ಟಿನ ಮೇಲೆ ಬಿದ್ದಳು. ನೊರೆ ನೀರು ನೆಲವೆಲ್ಲ ಹರಿಯಿತು. ಜುಟ್ಟು ಹಿಡಿದು ಎಬ್ಬಿಸಿ ತೋಳುಗಳಿಗೆ ಬಾರಿಸಿದ, ರವಿಕೆಯ ತೋಳು ಮುಚ್ಚುವಷ್ಟು ಜಾಗಕ್ಕೇ, ಲೆಕ್ಕವಾಗಿ. ನಲ್ಲಿಗೆ ತಗುಲಿ ತುಟಿ ಒಡೆಯಿತು. ರಕ್ತ ಬಿಳಿ ಟವೆಲ್ಲಿನ ಮೇಲೆ ತೊಟ್ಟಿಕ್ಕಿದ್ದಕ್ಕೆ ಇನ್ನೆರಡು ಬಿದ್ದವು. ಹದಿಮೂರು ವರ್ಷದ ಮಗಳು ಪುಟ್ಟಿ ಸ್ಕೂಲ್ ಬ್ಯಾಗನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮರುದಿನ ಬೆಳಗ್ಗೆ ಅಂಕಿ ಇಪ್ಪತ್ನಾಲ್ಕೂವರೆ.

"ನೋಡಿದ್ಯಾ?" ಅವನು ಫೋನನ್ನು ಅವಳ ಮುಖಕ್ಕೆ ಹಿಡಿದ. "ನಿನ್ನ ಮೈಗೆ ಡಯಟ್ ಹಿಡಿಯಲ್ಲ, ಇದೇ ಹಿಡಿಯೋದು."

ಒಂದು ವರ್ಷದಿಂದ ಹೀಗೇ. ಏಟು ಬಿದ್ದ ಮರುದಿನ ಅಂಕಿ ತಪ್ಪದೆ ಇಳಿಯುತ್ತಿತ್ತು. ಅವನು ನಂಬಿದ್ದ. ನಾಚಿಕೆಯ ಮಾತೆಂದರೆ, ಅವಳೂ ನಂಬಿದ್ದಳು. ಅಂಕಿ ಏರಿದ ಕೆಲವು ಬೆಳಗು, ಆಗುವುದು ಬೇಗ ಆಗಿಹೋಗಲಿ ಎಂದು ತಾನೇ ತೋಳು ಮುಂದೆ ಮಾಡಿದ್ದುಂಟು.

ಈ ಸಲ ಎಡಗೈ ಮೇಲಕ್ಕೇ ಏಳಲಿಲ್ಲ. ಟವೆಲ್ ಒಗೆಯೋರು ಯಾರು ಎಂದು ಅವನೇ ಕ್ಲಿನಿಕ್ಕಿಗೆ ಕಳಿಸಿದ.

"ಜಾರಿ ಬಿದ್ದೆ" ಎಂದಳು.

ನರ್ಸ್ ಎರಡೂ ತೋಳು ನೋಡಿದಳು. "ಎರಡೂ ಕಡೆ ಒಂದೇ ಸಮ ಬೀಳೋಕೆ ಚೆನ್ನಾಗಿ ಪ್ರಾಕ್ಟೀಸ್ ಬೇಕಲ್ವಾ ಅಕ್ಕಾ?" ಮುಲಾಮು ಹಚ್ಚುತ್ತಾ ಪಟ್ಟಿಯನ್ನು ಕಣ್ಣಿನಲ್ಲೇ ತೋರಿಸಿದಳು. "ಊತ ಇಳಿಯೋವರೆಗೂ ಇದನ್ನ ನಂಬಬೇಡಿ. ಊದಿದ ಕಡೆ ನೀರು ತುಂಬಿರುತ್ತೆ. ನೀರಿದ್ರೆ ಕರೆಂಟ್ ಸಲೀಸಾಗಿ ಓಡುತ್ತೆ, ಕೊಬ್ಬು ಕಮ್ಮಿ ಅಂತ ಸುಳ್ಳು ತೋರಿಸುತ್ತೆ."

"ಅಂದ್ರೆ... ಇಳಿದಿರಲ್ವಾ?"

"ಎಲ್ಲಿಂದ ಇಳಿಯುತ್ತೆ ಅಕ್ಕಾ? ಊದಿರೋದು."

ದಾರಿಯುದ್ದಕ್ಕೂ ಅವಳು ತೋಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಒಂದು ವರ್ಷದ ಏಟು, ಬರೀ ಊತದ ನೀರಿಗೆ. ಹೋದ ಕೂಡಲೇ ಹೇಳಿಬಿಡಬೇಕು, ವಿಷಯ ತಿಳಿದರೆ ನಿಲ್ಲಿಸಿಯಾನು ಎಂದುಕೊಂಡೇ ಮೆಟ್ಟಿಲು ಹತ್ತಿದಳು.

ಅವನು ಮೇಜಿನ ಮುಂದೆ ಹೊಸ ಡಬ್ಬಿ ಬಿಚ್ಚುತ್ತಿದ್ದ. ಒಳಗೆ ಪುಟ್ಟದೊಂದು ಗುಲಾಬಿ ಪಟ್ಟಿ.

"ನಿನ್ನ ಮಗಳ ಕೆನ್ನೆ ನೋಡಿದ್ಯಾ? ನಿನ್ನ ಹಾಗೇ ಆಗ್ತಾಳೆ. ಸೋಮವಾರದಿಂದ ಅವಳಿಗೂ ಕಟ್ಟೋದೇ. ಅಪ್ಪ ಇರೋದ್ಯಾಕೆ?"

ಪುಟ್ಟಿ ಮೂಲೆಯಲ್ಲಿ ಕೂತು ಊಟದ ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿದಳು. ಅನ್ನ ಅರ್ಧಕ್ಕರ್ಧ ಉಳಿದಿತ್ತು.

ಹೇಳಬೇಕೆಂದಿದ್ದ ಮಾತು ಅವಳ ಬಾಯಲ್ಲೇ ಆರಿತು. ಅಂಕಿ ಸುಳ್ಳೆಂದು ತಿಳಿದರೆ ಅವನು ಬೇರೆ ಅಂಕಿ ಹುಡುಕುತ್ತಾನೆ, ಅಷ್ಟೇ. ಪಟ್ಟಿ, ಹಗ್ಗ ಕೊಳ್ಳುವ ಮೊದಲೂ ಹೊಡೆಯುವ ಈ ಕೈ ಇತ್ತಲ್ಲ, ಮದುವೆಯಾದ ಎರಡನೇ ತಿಂಗಳಿಂದ.

"ಏನ್ ನಿಂತೆ? ಒದ್ದೆ ಟವೆಲ್ ಎಲ್ಲಾ ಹಾಗೇ ಬಿದ್ದಿವೆ."

ಟವೆಲ್ಲಿನ ಬಕೆಟ್ಟನ್ನು ಬಲಗೈಲಿ ಎತ್ತಿಕೊಂಡು ಮಹಡಿಗೆ ಹೋದಳು. ನಾಳೆ ಪುಟ್ಟಿಯ ಸ್ಕೂಲು ಬಿಡುವುದು ಮೂರೂವರೆಗೆ. ಅವಳನ್ನು ಕರೆದುಕೊಂಡು ಅಲ್ಲಿಂದಲೇ ಬಸ್ಸು. ಅಕ್ಕನ ಮನೆಗೆ ನಾಲ್ಕು ಗಂಟೆಯ ದಾರಿ. ಅಕ್ಕನಿಗೂ ಮೊದಲೇ ಹೇಳುವುದು ಬೇಡ. ಪುಟ್ಟಿಗೂ ಬಸ್ಸಿನಲ್ಲಿ ಕೂತ ಮೇಲೆ.

ಕೆಳಗಿನಿಂದ ಕೂಗು ಬಂತು. "ಏಯ್, ನಿನ್ನ ಎದೆಬಡಿತ ನೂರಿಪ್ಪತ್ತು ತೋರಿಸ್ತಿದೆ! ಏನ್ ಮಾಡ್ತಿದ್ದೀಯ ಅಲ್ಲಿ?"

"ಮೆಟ್ಟಿಲು ಹತ್ತಿದ್ನಲ್ಲ ರೀ" ಎಂದಳು, ಇನ್ನೊಂದು ಟವೆಲ್ ಬಲಗೈಲೇ ಕೊಡವಿ ಹರವುತ್ತಾ.