ಹೊಟ್ಟೆಯ ಮೇಲಿನ ನೀಲಿ ಗೆರೆ

ಎಲ್ಲಾದರೂ ಕಲೆ ಕಂಡರೆ ಸಾಕು, ಅದು ಹೋಗುವ ತನಕ ಲಾಂಡ್ರಿ ಯಜಮಾನರಿಗೆ ಊಟ ಸೇರುತ್ತಿರಲಿಲ್ಲ. ತಮ್ಮ ಕಣ್ಣೇ ಹಳದಿಯಾಗಿ, ಹೊಟ್ಟೆನೋವು ಬೆನ್ನಿಗೆ ಹಬ್ಬಿ, ಮೈ ಇಳಿದಾಗ ಮಾತ್ರ 'ಗ್ಯಾಸ್ ಇರಬೇಕು' ಎಂದು ತಳ್ಳಿಹಾಕಿದ್ದರು. ಹೆಂಡತಿ ಬಿಡದೆ ಆಸ್ಪತ್ರೆಗೆ ಎಳೆದೊಯ್ದಳು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಗೆಡ್ಡೆ ರಕ್ತನಾಳಕ್ಕೆ ಅಂಟಿಕೊಂಡಿತ್ತು. ಮೊದಲು ಕೀಮೋ, ಆಮೇಲೆ ಕಿರಣ ಹಾಯಿಸುವ ರೇಡಿಯೇಷನ್, ಗೆಡ್ಡೆ ಕುಗ್ಗಿದರೆ ಆಪರೇಷನ್ ಎಂದರು ಡಾಕ್ಟರು.

ಕೀಮೋ ಮುಗಿಯಿತು. ರೇಡಿಯೇಷನ್‌ಗೆಂದು ಅಳತೆ ನೋಡಿ, ಹೊಟ್ಟೆಯ ಮೇಲೆ ನೀಲಿ ಗೆರೆ ಎಳೆದು ಮನೆಗೆ ಕಳಿಸಿದರು. ಚಿಕಿತ್ಸೆಯ ದಿನ ಯಜಮಾನರು ಅಂಗಿ ಸರಿಸಿದರೆ ಹೊಟ್ಟೆ ಫಳಫಳ ಹೊಳೆಯುತ್ತಿತ್ತು.

"ಗೆರೆ ಎಲ್ಲಿ ಯಜಮಾನ್ರೇ?" ಮಷೀನ್ ನಡೆಸುವ ಹೆಣ್ಣುಮಗಳು ಕೇಳಿದಳು.

"ನಮ್ಮ ಲಾಂಡ್ರಿ ಸೋಪು ಹಾಕಿ ಉಜ್ಜಿದೆ ತಾಯಿ. ನನ್ನ ಕೈ ಮುಂದೆ ಯಾವ ಶಾಯಿನೂ ನಿಲ್ಲಲ್ಲ."

ಹೆಂಡತಿ ಹಣೆ ಚಚ್ಚಿಕೊಂಡಳು. "ಮಾಡೋದೆಲ್ಲ ಮಾಡಿ ಹೆಮ್ಮೆ ಬೇರೆ ಇವರಿಗೆ."

"ಆ ಗುರುತು ನೋಡ್ಕೊಂಡೇ ನಿಮ್ಮನ್ನ ಸರಿಯಾಗಿ ಮಲಗಿಸೋದು. ಆಚೀಚೆ ಆದ್ರೆ ಪಕ್ಕದ ಕರುಳಿಗೆ ಪೆಟ್ಟು. ಮತ್ತೆ ಅಳತೆ ತಗೋಬೇಕು. ಇನ್ಮೇಲೆ ಉಜ್ಜಬೇಡಿ," ಎಂದಳು ಆ ಹೆಣ್ಣುಮಗಳು.

ಯಜಮಾನರ ಮುಖ ಸಪ್ಪಗಾಯಿತು. ಒಳಗಿದ್ದ ಭಯ ಹೊರಬಿತ್ತು. "ಇದೆಲ್ಲ ಯಾಕಮ್ಮ? ಕೊಯ್ದು ತೆಗೆದ್ರೆ ಮುಗೀತಲ್ಲ. ಕಿರಣ ಮೈಯಲ್ಲೇ ಉಳಿದು ಮನೇಲಿರೋ ಪುಟ್ಟ ಮೊಮ್ಮಗಳಿಗೆ ತಗುಲಿದ್ರೆ?"

"ಮಷೀನ್ ನಿಂತ ಮೇಲೆ ಮೈಯಲ್ಲಿ ಏನೂ ಉಳಿಯಲ್ಲ. ಮೊಮ್ಮಗಳನ್ನ ಧಾರಾಳವಾಗಿ ಎತ್ಕೊಳ್ಳಿ. ಸುಸ್ತು, ವಾಕರಿಕೆ, ಭೇದಿ ಆಗ್ಬಹುದು. ಮುಚ್ಚಿಡದೆ ಹೇಳಿ, ಔಷಧಿ ಕೊಡ್ತೀವಿ. ಈಗ್ಲೇ ಕೊಯ್ದ್ರೆ ರಕ್ತನಾಳದ ಹತ್ತಿರ ಗೆಡ್ಡೆಯ ಚೂರು ಉಳ್ಕೊಂಡುಬಿಡಬಹುದು. ಕೆಲವರಿಗೆ ಆಪರೇಷನ್ ಆದ್ಮೇಲೆ ಕಿರಣ ಕೊಡ್ತಾರೆ, ಉಳಿದಿದ್ದು ಸಾಯಲಿ ಅಂತ. ಕೆಲವರಿಗೆ ಬೇಕಾಗೋದೇ ಇಲ್ಲ. ಯಾರಿಗೆ ಏನು ಅನ್ನೋದನ್ನ ಡಾಕ್ಟರು ನೋಡಿ ಹೇಳ್ತಾರೆ."

ಹೊಸ ಗೆರೆ ಬಿತ್ತು. ಯಜಮಾನರನ್ನು ಮಲಗಿಸಿ ಎಲ್ಲರೂ ಹೊರಗೆ ಹೋದರು. ಆನೆಗಾತ್ರದ ಯಂತ್ರ ಮೆಲ್ಲಗೆ ಯಜಮಾನರ ಸುತ್ತ ತಿರುಗಿತು. ಬಿಸಿಯಿಲ್ಲ, ನೋವಿಲ್ಲ. ಆದರೂ ಕಣ್ಣಿಗೆ ಕಾಣದ ಕಿರಣ ಚರ್ಮ ದಾಟಿ, ಹೊಟ್ಟೆಯ ಆಳದಲ್ಲಿ ಆ ಹಾಳು ಗೆಡ್ಡೆಗೇ ನಾಟುತ್ತಿತ್ತು. ಜೀವಮಾನವೆಲ್ಲ ಉಜ್ಜಿ ತಿಕ್ಕಿಯೇ ಬದುಕಿದ ಮನುಷ್ಯನಿಗೆ, ಮುಟ್ಟದೆಯೂ ಕೆಲಸವಾಗುತ್ತದೆ ಎಂಬುದು ನಂಬಲಾಗದ ಬೆರಗು.

"ಮೈ ಜುಮ್ಮಂತು ಕಣೆ," ಎಂದರು ಹೊರಬಂದು. "ಮನುಷ್ಯನ ತಲೆ ಎಲ್ಲಿಗೆ ಹೋಗಿದೆ ನೋಡು."

ಹಲವು ದಿನಗಳ ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೆ ಸರ್ಜನ್ ಸ್ಕ್ಯಾನ್ ನೋಡಿ, "ಗೆಡ್ಡೆ ಕುಗ್ಗಿದೆ. ಈಗ ಆಪರೇಷನ್ ಮಾಡಬಹುದು," ಎಂದರು. ಯಜಮಾನರು ಹೆಂಡತಿಯ ಕೈ ಹಿಡಿದುಕೊಂಡು ಮಗುವಿನಂತೆ ಅತ್ತರು.

ಅಕ್ಕಂದಿರೇ, ಅಣ್ಣಂದಿರೇ, ಈ ಚಿಕಿತ್ಸೆಯಿಂದ ಎಲ್ಲರಿಗೂ ಗುಣವಾಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದರೆ ಆಪರೇಷನ್ ಸಾಧ್ಯವಿಲ್ಲ ಎಂದಿದ್ದ ಕಡೆ ಕೆಲವೊಮ್ಮೆ ದಾರಿ ತೆರೆಯುತ್ತದೆ. ಕಣ್ಣು ಹಳದಿಯಾದರೆ, ಹೊಟ್ಟೆನೋವು ಬೆನ್ನಿಗೆ ಹಬ್ಬಿದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ತೋರಿಸಿಕೊಳ್ಳಿ. ಭಯವಾದರೆ ಬಾಯಿಬಿಟ್ಟು ಕೇಳಿ. ಶುರುಮಾಡಿದ ಚಿಕಿತ್ಸೆಯನ್ನು ನೀವಾಗಿಯೇ ಅರ್ಧಕ್ಕೆ ಬಿಡಬೇಡಿ. ನಿಮಗಾಗಿ ಕಾಯುವವರು ಮನೆಯಲ್ಲಿದ್ದಾರೆ.