ಎತ್ತರಕ್ಕೆ ಕಟ್ಟಬಾರದು

ನನ್ನ ಗಂಡ ಪುನೀತನಿಗೆ ಎಚ್ಚರಿಕೆ ಜಾಸ್ತಿ. ಆ ಎಚ್ಚರಿಕೆಯೇ ನನ್ನ ತಮ್ಮ ಸ್ವರೂಪನನ್ನು ತಿಂದಿತು. ಹೀಗೆ ಹೇಳಿದರೆ ಜನ ನನ್ನನ್ನು ಬಾಯಿಬಡುಕಿ ಅನ್ನುತ್ತಾರೆ. ಅನ್ನಲಿ ಬಿಡಿ, ಈ ನಯನಾಗೆ ಅದೇನು ಹೊಸ ಬಿರುದಲ್ಲ.

ಪುನೀತ ಮೊದಲು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಭಾರತೀನಗರದ ಸಕ್ಕರೆ ಫ್ಯಾಕ್ಟರಿಗೆ ಲೋಡು ಹೊಡೆಯುವವರಿಗೆಲ್ಲ ಒಂದು ಪಾಠ ಗೊತ್ತು. ಎಳೆಯುವ ಸರಪಳಿಯನ್ನು ಎತ್ತರಕ್ಕೆ ಕಟ್ಟಬಾರದು. ಕಟ್ಟಿದರೆ ಟ್ರ್ಯಾಕ್ಟರ್ ಮೂತಿ ಎತ್ತಿ, ಹಿಂದಕ್ಕೆ ಮಗುಚಿ, ಓಡಿಸುವವನ ಮೇಲೇ ಬೀಳುತ್ತದೆ. ಅವನ ಜೊತೆಗಾರ ಬೋರಯ್ಯ ಹೋದದ್ದು ಹಾಗೆಯೇ. ಕೆಸರಲ್ಲಿ ಹೂತ ಟ್ರೇಲರನ್ನು ಎಳೆಯುವ ಅವಸರದಲ್ಲಿ ಸರಪಳಿಯನ್ನು ಸೀಟಿನ ಹಿಂದೆ, ಮೇಲಕ್ಕೆ ಸಿಕ್ಕಿಸಿದ್ದನಂತೆ. ಅವನನ್ನು ಅಡಿಯಿಂದ ಹೊರಗೆ ಎಳೆದವರಲ್ಲಿ ಪುನೀತನೂ ಒಬ್ಬ. ಆಮೇಲೆ ಇವನು ಟ್ರ್ಯಾಕ್ಟರ್ ಹತ್ತಲಿಲ್ಲ. ಮಳವಳ್ಳಿ ಕಡೆಯ ಕೆರೆಯೊಂದರಲ್ಲಿ ಮೋಟಾರು ದೋಣಿ ಓಡಿಸುವ ಕೆಲಸಕ್ಕೆ ಸೇರಿಕೊಂಡ.

ಭಾವ ಎಲ್ಲೋ ಸ್ವರೂಪ ಅಲ್ಲೇ. ಡಿಪ್ಲೊಮಾ ಓದುತ್ತಿದ್ದ ಹುಡುಗ ಕ್ಲಾಸು ಮುಗಿಸಿ ನೇರ ಕೆರೆಗೆ ಓಡುತ್ತಿದ್ದ. ಎರಡೂ ಕಾಲನ್ನು ಒಂದು ಹಲಗೆಗೆ ಬಿಗಿದುಕೊಂಡು, ದೋಣಿಗೆ ಕಟ್ಟಿದ ಹಗ್ಗದ ಹಿಡಿ ಹಿಡಿದು, ನೀರ ಮೇಲೆ ನಿಂತು ಜಾರುವ ಆಟ. ವೇಕ್‌ಬೋರ್ಡಿಂಗ್ ಅನ್ನುತ್ತಾರೆ. ನಮ್ಮಮ್ಮ ಬೆಟ್ಟಮ್ಮ ಮೊಬೈಲಿನಲ್ಲಿ ಅದನ್ನು ನೋಡಿ ನಕ್ಕುಬಿಟ್ಟಿದ್ದಳು. "ಗದ್ದೆ ಮಟ್ಟ ಮಾಡೋಕೆ ನಿಮ್ಮಪ್ಪ ಎತ್ತಿನ್ ಇಂದೆ ಅಲಗೆ ಮೇಲ್ ನಿಂತ್ಕತ್ತಿದ್ದ. ಅದ್ಕೆ ನೀನು ಇಂಗ್ಲಿಸ್ ಎಸ್ರು ಮಡೀಕಂಡಿದ್ದೀಯಾ?"

ಹಗ್ಗ ಕಟ್ಟಲೆಂದೇ ಆ ದೋಣಿಯ ನಡುವೆ ಎದೆಮಟ್ಟದ ಉಕ್ಕಿನ ಕಂಬವೊಂದನ್ನು ಹೊಸದಾಗಿ ಕೂರಿಸಿದರು. ಪುನೀತನಿಗೆ ಅದನ್ನು ಕಂಡರೇ ಆಗಲಿಲ್ಲ. ಅಷ್ಟು ಮೇಲಿಂದ ಎಳೆದರೆ ದೋಣಿ ಮೂತಿ ಎತ್ತುವುದಿಲ್ಲವೇ? ಹಗ್ಗ ಬಿಚ್ಚಿ, ಹಿಂಬದಿಯ ಮೂಲೆಯಲ್ಲಿ, ತೀರ ಕೆಳಗಿದ್ದ ಕೊಂಡಿಗೆ ಕಟ್ಟಿದ. ಅದು ದೋಣಿಯನ್ನು ದಡಕ್ಕೆ ಕಟ್ಟಿ ನಿಲ್ಲಿಸುವ ಕೊಂಡಿ. ದೋಣಿ ಹೊರಟಿತು, ಹಗ್ಗ ಸೆಟೆಯಿತು, ಸ್ವರೂಪ ಎದ್ದು ನಿಂತ. ಕೊಂಡಿ ಬುಡಸಮೇತ ಕಿತ್ತುಕೊಂಡು ಹಗ್ಗದ ಜೊತೆಗೇ ಹಿಂದಕ್ಕೆ ಚಿಮ್ಮಿ, ಅವನ ಹಣೆಯ ಪಕ್ಕಕ್ಕೆ ಬಡಿಯಿತು. ಹುಡುಗ ಮುಳುಗಲಿಲ್ಲ. ಮೈಮೇಲಿನ ಜಾಕೆಟ್ ಅವನನ್ನು ತೇಲಿಸಿಕೊಂಡೇ ಇತ್ತು. ಮಂಡ್ಯದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರಿರಲಿಲ್ಲ.

ಕೊಂಡಿಯ ಸ್ಕ್ರೂ ತುಕ್ಕು ಹಿಡಿದಿತ್ತು, ಗ್ರಹಚಾರ ಎಂದರು ಎಲ್ಲರೂ. ಪುನೀತ ದೋಣಿ ಬಿಟ್ಟು ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಗೋಡೆ ನೋಡುತ್ತಾ ಕೂತ. ಅಮ್ಮ ನಮ್ಮ ಜೊತೆಗೇ ಇರಲು ಬಂದಳು. ಮಗನಿಗೆ ಇಡುತ್ತಿದ್ದ ಮುದ್ದೆಯನ್ನು ಅಳಿಯನ ತಟ್ಟೆಗೆ ಇಟ್ಟು, ಎದುರಿಗೆ ಕೂತು ಉಣ್ಣಿಸುತ್ತಿದ್ದಳು. ತುತ್ತು ಎತ್ತುವಾಗೆಲ್ಲ ಅವನದು ಒಂದೇ ಮಾತು. "ನಾನು ಕೆಳಗೇ ಕಟ್ಟಿದ್ದೆ ಕಣತ್ತೆ. ಆದ್ರೂ ಇಂಗಾಯ್ತಲ್ಲ." ಅವನನ್ನು ಬದುಕಿಸಿ ಇಟ್ಟಿದ್ದೇ ಆ ಮಾತು.

ಆ ಸಮಾಧಾನ ಸುಳ್ಳೆಂದು ನನಗೆ ತಿಳಿದದ್ದು ಸ್ವರೂಪನ ಹಲಗೆ ತರಲು ಕೆರೆಗೆ ಹೋದ ದಿನ. ಕಡಲ ಕಡೆಯಿಂದ ಬಂದಿದ್ದ ತರಬೇತುದಾರನೊಬ್ಬ ಹೊಸಬರಿಗೆ ಪಾಠ ಹೇಳುತ್ತಿದ್ದ. ಕಂಬದ ಬುಡ ದೋಣಿಯ ತಳಕ್ಕೆ ಬಿಗಿದಿರುತ್ತದೆ, ಎಳೆತವನ್ನು ಇಡೀ ದೋಣಿ ಹೊರುತ್ತದೆ, ಒಬ್ಬ ಮನುಷ್ಯನ ಭಾರಕ್ಕೆ ಇದು ಮಗುಚುವುದಿಲ್ಲ ಎಂದ. ಪಕ್ಕದ ಕೊಂಡಿ, ಕಂಬಿ, ಏಣಿ, ಸೀಟು, ಇವಕ್ಕೆ ಮಾತ್ರ ಯಾವತ್ತೂ ಕಟ್ಟಬೇಡಿ, ಕಿತ್ತು ಬಂದರೆ ಹಿಂದಿರುವವನ ತಲೆಗೇ ಬರುತ್ತದೆ ಎಂದ. ಹಲಗೆ ಎತ್ತಿಕೊಂಡು ಮನೆಗೆ ಬಂದೆ.

ಆಮೇಲೆ ಅದು ಗಂಟಲಲ್ಲಿ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ಗಂಡ ಉಳಿಯುವುದಿಲ್ಲ. ಹೇಳದಿದ್ದರೆ ಸತ್ತ ತಮ್ಮನಿಗೆ ನಾನೇನಾದೆ? ಪುನೀತನ ಮೇಲೆ ಸಿಟ್ಟು ಉಕ್ಕುತ್ತಿತ್ತು, ಅವನ ಸೊರಗಿದ ಮುಖ ನೋಡಿದರೆ ಕರುಳು ಕಿತ್ತು ಬರುತ್ತಿತ್ತು. ಇಷ್ಟು ಬಾಯಿರುವ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ಫೋನು ಬಂತು. ಸ್ವರೂಪನ ಜೊತೆ ಕೆರೆಗೆ ಬರುತ್ತಿದ್ದ ಗೆಳತಿ ದೀಪಿಕ. ಮದ್ದೂರು ಹತ್ತಿರದ ಕೆರೆಯಲ್ಲಿ ಅವಳು ಮತ್ತೆ ಆಟ ಶುರುಮಾಡುತ್ತಾಳಂತೆ, ದೋಣಿಯನ್ನು ಪುನೀತಣ್ಣನೇ ಓಡಿಸಬೇಕಂತೆ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಸ್ವಲ್ಪ ಕಳೆ ಕಂಡಿತು.

"ಓಯ್ತೀನಿ ಕಣತ್ತೆ. ಈ ಸಲ ಗಟ್ಟಿ ಕೊಂಡಿ ನೋಡಿ, ಕೆಳಗೇ ಕಟ್ತೀನಿ," ಎಂದ.

"ಕೆಳಗೆ ಕಟ್ಬೇಡಿ!" ನನ್ನ ಕೂಗಿಗೆ ನಾನೇ ಬೆಚ್ಚಿದೆ. "ಕೆಳಗೆ ಕಟ್ಟಿದ್ದಕ್ಕೇ ಅವನು ಸತ್ತಿದ್ದು ಕಣ್ರೀ. ಅದು ದಡಕ್ಕೆ ಕಟ್ಟೋ ಕೊಂಡಿ. ಎಳೆಯೋಕೆ ಅಂತಾನೇ ಕಂಬ ಇತ್ತು. ಅದು ಟ್ರ್ಯಾಕ್ಟರ್ ಅಲ್ಲ, ಮೂತಿ ಎತ್ತಲ್ಲ." ತರಬೇತುದಾರ ಹೇಳಿದ್ದನ್ನೆಲ್ಲ ಹೇಳಿದೆ, ನಿಲ್ಲಿಸಲು ಆಗಲಿಲ್ಲ.

ಪುನೀತ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. "ನಿಂಗೆ ಯಾವಾಗಿಂದ ಗೊತ್ತು?"

"ಅವನ ಅಲಗೆ ತಂದ ದಿನದಿಂದ."

"ಗೊತ್ತಿದ್ದೂ ನನ್ ಜೊತೇಲಿ ಕೂತು ಉಂಡ್ಯಾ?"

"ಉಂಡೆ," ಎಂದೆ.

ಸೌಟು ಹಿಡಿದು ನಿಂತಿದ್ದ ಅಮ್ಮ ನಿಧಾನವಾಗಿ ನೆಲಕ್ಕೆ ಕೂತಳು. ಎದೆ ಬಡಿದುಕೊಳ್ಳುತ್ತಾಳೆ, ಅಳಿಯನಿಗೆ ಶಾಪ ಹಾಕುತ್ತಾಳೆ ಅಂದುಕೊಂಡೆ. ಹಾಕಿದ್ದರೆ ಚೆನ್ನಾಗಿತ್ತು. ಅವಳು ಪುನೀತನನ್ನು ಒಂದೇ ಒಂದು ಮಾತು ಕೇಳಿದಳು.

"ಕಂಬಕ್ಕೆ ಕಟ್ಟು ಅಂತ ನನ್ ಮಗ ಏಳಿರ್ನಿಲ್ವಾ ಕಣಪ್ಪ?"

ಇದು ನನಗೂ ಹೊಳೆದಿರದ ಪ್ರಶ್ನೆ. ಪುನೀತ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಏಳ್ದ ಕಣತ್ತೆ. ಎಲ್ಡು ಸಲ ಏಳ್ದ. ನಿಂಗೇನ್ಲಾ ಗೊತ್ತು, ಸುಮ್ಕೆ ನೀರಿಗಿಳಿ ಅಂತ ಬಯ್ದೆ. ಆಯ್ತು ಬುಡು ಭಾವ ಅಂತ ನಗ್ತಾ ಇಳ್ದ."

ಅಮ್ಮ ತಲೆಯಾಡಿಸಿದಳು.

"ಇಳೀತಾನೆ. ಭಾವಂಗೆ ಎದ್ರು ಮಾತಾಡ್ಬೇಡ ಅಂತ ನಾನೇ ಅಲ್ವಾ ಬೆಳೆಸಿದ್ದು," ಎಂದಳು.